ಐಸ್‌ಲ್ಯಾಂಡ್‌ನಲ್ಲಿ ಬಾಡಿಗೆ ಕಾರು: ದರ ಮತ್ತು ಇನ್ಶೂರೆನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಸೆಪ್ಟೆಂಬರಿನಲ್ಲಿ ನಾನು, ನನ್ನ ಹೆಂಡತಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ಅಕ್ಕ, ಭಾವ, ಹೀಗೆ ನಾಲ್ಕು ಜನ ಎಂಟು ದಿನ ಐಸ್‌ಲ್ಯಾಂಡ್ ಸುತ್ತಿ ಬಂದೆವು. ಬಂದ ಮೇಲೆ ಆಫೀಸಿನವರು, ನೆಂಟರು, ಅವರ ಸ್ನೇಹಿತರು ಎಲ್ಲರೂ ಫೋನ್ ಮಾಡಿ ಕೇಳುವುದು ಜಲಪಾತದ ಬಗ್ಗೆ ಕಡಿಮೆ, ಕಾರಿನ ಬಗ್ಗೆ ಜಾಸ್ತಿ. ಎಷ್ಟಾಯಿತು, ಯಾವ ಇನ್ಶೂರೆನ್ಸ್ ತಗೊಂಡಿರಿ, ಅದು ಬೇಕಿತ್ತಾ. ಎಲ್ಲರಿಗೂ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಕಾರು ಬೇಕೇಬೇಕಾ? ಬಸ್ಸಲ್ಲಿ ಆಗಲ್ವಾ?

ರಾಜಧಾನಿ ರೇಕ್ಯವಿಕ್ ಮತ್ತು ಅದರ ಸುತ್ತಮುತ್ತ ಮಾತ್ರ ನೋಡುವುದಾದರೆ ಟೂರ್ ಬಸ್ಸು ಸಾಕು. ದ್ವೀಪವನ್ನು ಪೂರ್ತಿ ಸುತ್ತುವ ರಿಂಗ್ ರೋಡ್, ಅಂದರೆ ಒಂದನೇ ನಂಬರಿನ ರಸ್ತೆ, ಸುಮಾರು 1,300 ಕಿಲೋಮೀಟರ್ ಇದೆ. ಆ ದೇಶದಲ್ಲಿ ರೈಲೇ ಇಲ್ಲ. ಸುತ್ತಬೇಕು ಅಂದರೆ ಕಾರೇ ಸರಿ.

ಅದೇ ಕಾರು ಒಂದು ಸೈಟಿನಲ್ಲಿ ಕಡಿಮೆ, ಇನ್ನೊಂದರಲ್ಲಿ ಒಂದೂವರೆ ಪಟ್ಟು. ಯಾಕೆ?

ಎರಡೂ ಒಂದೇ ವಸ್ತು ಅಲ್ಲ, ಅದಕ್ಕೆ. ಮೊದಲನೆಯದು ಬರೀ ಕಾರಿನ ದರ. ಎರಡನೆಯದರಲ್ಲಿ ಇನ್ಶೂರೆನ್ಸ್ ಸೇರಿರುತ್ತದೆ. ಅಂತರರಾಷ್ಟ್ರೀಯ ಬುಕಿಂಗ್ ಸೈಟುಗಳಲ್ಲಿ ಕಡಿಮೆ ದರದ ಕಾರು ಮೇಲೆ ಬರುತ್ತದೆ, ಹಾಗಾಗಿ ಕಂಪನಿಗಳು ಎಲ್ಲವನ್ನೂ ಕಳಚಿ ಬರೀ ಬಾಡಿಗೆ ತೋರಿಸುತ್ತವೆ. ಉಳಿದದ್ದನ್ನು ಕೆಪ್ಲವಿಕ್ ಏರ್‌ಪೋರ್ಟಿನ ಕೌಂಟರಿನಲ್ಲಿ ಸೇರಿಸುತ್ತಾರೆ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದಿರುತ್ತೀರಿ, ಹಿಂದೆ ಕ್ಯೂ ಇರುತ್ತದೆ. ಅಲ್ಲಿ ನಿಂತು ಲೆಕ್ಕ ಹಾಕಲು ಯಾರಿಂದಲೂ ಆಗುವುದಿಲ್ಲ. ಐಸ್‌ಲ್ಯಾಂಡ್‌ನ ಸ್ಥಳೀಯ ಕಂಪನಿಗಳಲ್ಲಿ ಹಲವು ಎಲ್ಲ ಸೇರಿಸಿದ ದರವನ್ನೇ ತಮ್ಮ ಸೈಟಿನಲ್ಲಿ ಹಾಕುತ್ತವೆ. ನೋಡಿದ ತಕ್ಷಣ ದುಬಾರಿ ಅನ್ನಿಸುತ್ತದೆ, ಅಷ್ಟೇ.

ಇನ್ನೊಂದು ಕಾರಣ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ದರ ಏರುತ್ತದೆ. ಆಟೋಮ್ಯಾಟಿಕ್ ಗೇರ್ ಕಾರಿಗೆ ಮ್ಯಾನುಯಲ್‌ಗಿಂತ ಜಾಸ್ತಿ. ಆದರೂ ಆಟೋಮ್ಯಾಟಿಕ್ ತಗೊಳ್ಳಿ ಅಂತಲೇ ನಾನು ಹೇಳುವುದು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೀರಿಂಗ್ ಎಡಕ್ಕೆ, ಗೇರ್ ಬಲಗೈಗೆ. ಮೊದಲ ದಿನ ಅಷ್ಟೂ ಒಟ್ಟಿಗೆ ಕಲಿಯುವುದು ಬೇಡ.

ಹಾಗಾದರೆ ಹೋಲಿಸುವುದು ಹೇಗೆ?

ಒಂದು ಹಾಳೆ ತಗೊಂಡು ಪ್ರತಿ ಕಂಪನಿಗೂ ಒಂದು ಕಾಲಂ ಹಾಕಿ. ಬಾಡಿಗೆ, ದೊಡ್ಡ ಗುದ್ದಿಗೆ ಇನ್ಶೂರೆನ್ಸ್, ಜಲ್ಲಿಕಲ್ಲಿಗೆ ಇನ್ಶೂರೆನ್ಸ್, ಮರಳಿಗೆ ಇನ್ಶೂರೆನ್ಸ್, ಎರಡನೇ ಡ್ರೈವರ್, ಕಿಲೋಮೀಟರ್ ಮಿತಿ, ಏರ್‌ಪೋರ್ಟ್ ಶುಲ್ಕ. ಕೊನೆಯ ಸಾಲು: ಏನಾದರೂ ಆದರೆ ನಮ್ಮ ಜೇಬಿನಿಂದ ಗರಿಷ್ಠ ಎಷ್ಟು ಹೋಗುತ್ತದೆ. ಈ ಕೊನೆಯ ಸಾಲನ್ನು ಬರೆಯದೆ ಬುಕ್ ಮಾಡಬೇಡಿ.

ಒಂದು ಲೆಕ್ಕ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ಆದರೆ ದರಪಟ್ಟಿಗಳು ಇರುವುದು ಹೀಗೆಯೇ. ಎಂಟು ದಿನದ ಬಾಡಿಗೆ. ಮೊದಲ ಕಂಪನಿ ದಿನಕ್ಕೆ 7,000 ಕ್ರೋನಾ (ಅಲ್ಲಿನ ಹಣ) ಅನ್ನುತ್ತದೆ, ಒಟ್ಟು 56,000. ಎರಡನೆಯದು ದಿನಕ್ಕೆ 11,500, ಒಟ್ಟು 92,000. ವ್ಯತ್ಯಾಸ 36,000 ಕ್ರೋನಾ. ಒಂದು ಕ್ರೋನಾಗೆ ಸುಮಾರು 70 ಪೈಸೆ ಅಂತ ಹಿಡಿದರೆ 25,000 ರೂಪಾಯಿ ಉಳಿಯಿತು ಅಂತ ಅನ್ನಿಸುತ್ತದೆ, ಅಲ್ವಾ?

ಈಗ ಕೌಂಟರಿಗೆ ಬನ್ನಿ. ಮೊದಲ ಕಂಪನಿಯಲ್ಲಿ ದೊಡ್ಡ ಇನ್ಶೂರೆನ್ಸಿಗೆ ದಿನಕ್ಕೆ 3,000, ಜಲ್ಲಿಗೆ 1,500, ಮರಳು-ಜ್ವಾಲಾಮುಖಿ ಬೂದಿಗೆ 1,500, ಎರಡನೇ ಡ್ರೈವರಿಗೆ 1,200. ದಿನಕ್ಕೆ 7,200 ಹೆಚ್ಚಾಯಿತು, ಅಂದರೆ ಮೇಲೆ ಸೇರಿಸಿದ್ದೇ ಬಾಡಿಗೆಯನ್ನು ಮೀರಿಸಿತು. ಎಂಟು ದಿನಕ್ಕೆ ಒಟ್ಟು 1,13,600 ಕ್ರೋನಾ. ಎರಡನೇ ಕಂಪನಿಯಲ್ಲಿ ಮರಳು-ಬೂದಿ ಒಂದನ್ನು ಸೇರಿಸಿದರೆ 1,04,000. ಕಡಿಮೆ ಅಂತ ಕಂಡಿದ್ದು ಕೊನೆಗೆ 9,600 ಕ್ರೋನಾ, ಹತ್ತಿರ ಹತ್ತಿರ 6,700 ರೂಪಾಯಿ, ದುಬಾರಿಯಾಯಿತು.

ಯಾವಾಗಲೂ ಹೀಗೇ ಆಗುತ್ತದೆ ಅಂತಲ್ಲ. ಕೆಲವು ಸಲ ಬುಕಿಂಗ್ ಸೈಟಿನದೇ ಕಡಿಮೆ ಬೀಳುತ್ತದೆ. ಹಾಳೆಯ ಮೇಲೆ ಬರೆದರೆ ಮಾತ್ರ ಗೊತ್ತಾಗುತ್ತದೆ.

ಎಕ್ಸೆಸ್ ಅಂದರೇನು?

ಕಾರಿಗೆ ಪೆಟ್ಟಾದರೆ ಇನ್ಶೂರೆನ್ಸ್ ಶುರುವಾಗುವ ಮೊದಲು ನಮ್ಮ ಪಾಲಿಗೆ ಬೀಳುವ ಹಣ. ಎಕ್ಸೆಸ್ 3,50,000 ಕ್ರೋನಾ ಅಂತ ಇದ್ದು, ರಿಪೇರಿಗೆ 2,00,000 ಆದರೆ ಅಷ್ಟನ್ನೂ ನಾವೇ ಕೊಡಬೇಕು. ರಿಪೇರಿ 10,00,000 ಆದರೆ ನಾವು ಕೊಡುವುದು 3,50,000, ಉಳಿದದ್ದು ಅವರದು. ನಮ್ಮ ಪಾಲೇ ಸುಮಾರು ಎರಡೂವರೆ ಲಕ್ಷ ರೂಪಾಯಿ. ನಾಲ್ಕು ಜನರ ಹೋಟೆಲ್ ಖರ್ಚು ಅಷ್ಟರಲ್ಲಿ ಮುಗಿಯುತ್ತದೆ.

ಸಿಡಿಡಬ್ಲ್ಯೂ, ಎಸ್‌ಸಿಡಿಡಬ್ಲ್ಯೂ, ಜಿಪಿ, ಎಸ್‌ಎಎಪಿ: ಇದೆಲ್ಲ ಏನು?

ಬೇರೆಯವರ ಕಾರಿಗೆ ಅಥವಾ ಬೇರೆಯವರಿಗೆ ನಮ್ಮಿಂದ ಹಾನಿಯಾದರೆ ಅದಕ್ಕಿರುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಐಸ್‌ಲ್ಯಾಂಡ್‌ನಲ್ಲಿ ಕಾನೂನಿನ ಪ್ರಕಾರ ಕಡ್ಡಾಯ. ಅದು ಬಾಡಿಗೆಯಲ್ಲೇ ಇರುತ್ತದೆ, ಚಿಂತೆ ಬೇಡ.

ಸಿಡಿಡಬ್ಲ್ಯೂ ಅಂದರೆ ನಾವು ಓಡಿಸುವ ಕಾರು ಗುದ್ದಿ ಆದ ಹಾನಿಗೆ. ಇದೂ ಸಾಮಾನ್ಯವಾಗಿ ಸೇರಿರುತ್ತದೆ, ಆದರೆ ಎಕ್ಸೆಸ್ ದೊಡ್ಡದು. ಎಸ್‌ಸಿಡಿಡಬ್ಲ್ಯೂ ಆ ಎಕ್ಸೆಸ್ಸನ್ನು ಇಳಿಸುತ್ತದೆ. ಜಿಪಿ ಅಂದರೆ ಜಲ್ಲಿಕಲ್ಲು ಸಿಡಿದು ಗಾಜು, ಹೆಡ್‌ಲೈಟ್, ಬಣ್ಣಕ್ಕೆ ಆದ ಹಾನಿಗೆ. ಎಸ್‌ಎಎಪಿ ಮರಳು ಮತ್ತು ಬೂದಿಗೆ.

ನಮ್ಮೂರಲ್ಲಿ ಬಂಪರ್ ಟು ಬಂಪರ್ ಅಂತ ಒಂದೇ ಪಾಲಿಸಿ ತಗೊಂಡು ನಿಶ್ಚಿಂತೆಯಾಗಿ ಇರುತ್ತೇವೆ. ಅದೇ ಗುಂಗಿನಲ್ಲಿ ಎಸ್‌ಸಿಡಿಡಬ್ಲ್ಯೂ ನೋಡಿ, ಎಲ್ಲ ಬಂತು ಅಂದುಕೊಳ್ಳುತ್ತೇವೆ. ಬರುವುದಿಲ್ಲ. ಅದು ಕಾರು ಹೋಗಿ ಗುದ್ದಿದ್ದಕ್ಕೆ. ಐಸ್‌ಲ್ಯಾಂಡ್‌ನಲ್ಲಿ ಕಾರು ಹೋಗಿ ಗುದ್ದುವುದಕ್ಕಿಂತ ಕಲ್ಲು, ಗಾಳಿ, ಮರಳು, ನೀರು ಬಂದು ಕಾರಿಗೆ ಹೊಡೆಯುವುದೇ ಜಾಸ್ತಿ. ಅದಕ್ಕೇ ಕರಾರಿನಲ್ಲಿ ಈ ನಾಲ್ಕು ಪದ ಹುಡುಕಿ ಓದಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಜಲ್ಲಿ ಇನ್ಶೂರೆನ್ಸ್ ನಿಜವಾಗಲೂ ಬೇಕಾ? ರಿಂಗ್ ರೋಡ್ ಪೂರ್ತಿ ಟಾರು ಅಲ್ವಾ?

2019ರಿಂದ ರಿಂಗ್ ರೋಡ್ ಪೂರ್ತಿ ಟಾರು, ನಿಜ. ಆದರೆ ಅದರಿಂದ ಕವಲೊಡೆಯುವ ಎಷ್ಟೋ ರಸ್ತೆ ಜಲ್ಲಿಯದು. ಟಾರು ಮುಗಿಯುವ ಕಡೆ "ಮಾಲ್ಬಿಕ್ ಎಂದರ್" ಅಂತ ಬೋರ್ಡ್ ಇರುತ್ತದೆ. ಅರ್ಥ ಅದೇ, ಟಾರು ಇಲ್ಲಿಗೆ ಮುಗಿಯಿತು.

ನಮಗೆ ಆಗಿದ್ದು ಪೂರ್ವದಲ್ಲಿ, 939ನೇ ನಂಬರಿನ ಓಕ್ಸಿ ಘಾಟಿಯಲ್ಲಿ. ಎಯಿಲ್‌ಸ್ಟಾದಿರ್ ಕಡೆ ಹೋಗಲು ಮ್ಯಾಪ್ ಅದನ್ನೇ ಹತ್ತಿರದ ದಾರಿ ಅಂತ ತೋರಿಸಿತು. ಕಡಿದಾದ ಜಲ್ಲಿ ರಸ್ತೆ. ಭಾವ ನಿಧಾನವಾಗಿಯೇ ಹೋಗುತ್ತಿದ್ದರು. ಎದುರಿನಿಂದ ಬಂದ ಜೀಪು ದಾಟಿದ ಕ್ಷಣಕ್ಕೆ ಮುಂದಿನ ಗಾಜಿಗೆ ಟಪ್ ಅಂತ ಒಂದು ಸದ್ದು. ಅಷ್ಟೇ. ಇಳಿದು ನೋಡಿದರೆ ಕಾಳುಮೆಣಸಿನಷ್ಟು ಒಂದು ಚುಕ್ಕೆ, ಸುತ್ತ ಸಣ್ಣ ಬಿಳಿ ಗೆರೆ. ಏನೂ ಆಗಿಲ್ಲ ಬಿಡು ಅಂದುಕೊಂಡೆವು. ಮರುದಿನ ಬೆಳಗ್ಗೆ ಗಾಜಿನ ಮೇಲೆ ಮಂಜು ಕಟ್ಟಿತ್ತು. ಹೀಟರ್ ಜೋರಾಗಿ ಹಾಕಿದೆ. ನಮ್ಮ ಕಣ್ಣ ಮುಂದೆಯೇ ಆ ಚುಕ್ಕೆಯಿಂದ ಗೆರೆ ಹೊರಟು, ಬೆಳೆಯುತ್ತಾ ಬೆಳೆಯುತ್ತಾ ಗೇಣುದ್ದ ಬಂದು ನಿಂತಿತು. ಇಡೀ ಗಾಜು ಬದಲಿಸಲೇಬೇಕಾಯಿತು.

ಜಲ್ಲಿ ಇನ್ಶೂರೆನ್ಸ್ ಇದ್ದಿದ್ದರಿಂದ ಗಾಜಿಗಿದ್ದ ಸಣ್ಣ ಎಕ್ಸೆಸ್ ಮಾತ್ರ ಕೊಟ್ಟು ಬಂದೆವು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಮತ್ತೆ, ಗಾಜಿಗೆ ಚುಕ್ಕೆ ಬಿದ್ದ ತಕ್ಷಣ ಕಂಪನಿಗೆ ಫೋನ್ ಮಾಡಿ, ಹೀಟರ್ ಬಿಸಿಯನ್ನು ನೇರ ಗಾಜಿಗೆ ಬಿಡಬೇಡಿ. ಚಿಕ್ಕದಿದ್ದಾಗ ಅಂಟು ತುಂಬಿ ಸರಿಮಾಡಬಹುದು.

ಜಲ್ಲಿ ರಸ್ತೆಯಲ್ಲಿ ವೇಗದ ಮಿತಿ 80, ಟಾರಿನಲ್ಲಿ 90, ಊರೊಳಗೆ 50. ಜಲ್ಲಿಯಲ್ಲಿ 80 ಬಿಡಿ, ಎದುರು ಗಾಡಿ ಕಂಡರೆ ಅದರ ಅರ್ಧಕ್ಕೆ ಇಳಿಸಿ.

ಗಾಳಿಗೆ ಬಾಗಿಲು ಮುರಿಯುತ್ತದೆ ಅನ್ನುತ್ತಾರೆ. ಹೌದಾ?

ಹೌದು. ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಬಾಗಿಲು ಮುಂದಕ್ಕೆ ತಿರುಗುತ್ತದೆ, ಕೀಲು ಬಾಗುತ್ತದೆ, ಬಾಗಿಲು ಬಂದು ಮುಂದಿನ ಫೆಂಡರಿಗೆ ಬಡಿಯುತ್ತದೆ. ಎಸ್‌ಸಿಡಿಡಬ್ಲ್ಯೂ ಇದ್ದರೂ ಹೆಚ್ಚಿನ ಕಂಪನಿಗಳು ಇದನ್ನು ಹೊರಗಿಡುತ್ತವೆ. ಕೆಲವು ಮಾತ್ರ ತಮ್ಮ ಅತಿ ದೊಡ್ಡ ಪ್ಯಾಕೇಜಿನಲ್ಲಿ ಸೇರಿಸುತ್ತವೆ. ಬುಕ್ ಮಾಡುವ ಮುಂಚೆ ಇಮೇಲ್ ಮಾಡಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಇನ್ಶೂರೆನ್ಸಿಗಿಂತ ಅಭ್ಯಾಸ ಮುಖ್ಯ. ಕಾರಿನ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ. ಬಾಗಿಲನ್ನು ಎರಡೂ ಕೈಯಿಂದ ಹಿಡಿದು ತೆಗೆಯಿರಿ. ಒಂದು ಸಲಕ್ಕೆ ಒಬ್ಬರೇ ಇಳಿಯಿರಿ. ವೀಕ್ ಅನ್ನುವ ಊರಿನ ಹತ್ತಿರದ ಕಪ್ಪು ಮರಳಿನ ದಂಡೆಯಲ್ಲಿ ಅಕ್ಕ ಫೋಟೋ ಅವಸರದಲ್ಲಿ ಒಂದೇ ಕೈಯಲ್ಲಿ ಬಾಗಿಲು ತಳ್ಳಿದಳು. ಭಾವ ಒಳಗಿನಿಂದ ಹಿಡಿಕೆ ಹಿಡಿದು ಎಳೆಯದಿದ್ದರೆ ಕೆಲಸ ಕೆಟ್ಟಿತ್ತು. ಅವರ ಮೊಣಕೈ ಎರಡು ದಿನ ನೋಯುತ್ತಿತ್ತು.

ಅಲ್ಲಿನ ಹವಾಮಾನ ಇಲಾಖೆ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಹೇಳುತ್ತದೆ. 20 ಅಂತ ಇದ್ದರೆ ಚಿಕ್ಕದು ಅನ್ನಿಸುತ್ತದೆ, ಆದರೆ ಅದು ಗಂಟೆಗೆ 72 ಕಿಲೋಮೀಟರ್. ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆಯನ್ನೂ ಕೊಡುತ್ತಾರೆ. ಕಿತ್ತಳೆ ಬಂದರೆ ರೂಮಿನಲ್ಲಿ ಕೂತು ಕಾಫಿ ಕುಡಿಯಿರಿ.

ಮರಳು-ಬೂದಿ ಇನ್ಶೂರೆನ್ಸ್?

ಇದು ಹೋಗುವ ಜಾಗ ಮತ್ತು ಕಾಲದ ಮೇಲೆ ನಿಂತಿದೆ. ದಕ್ಷಿಣ ಕರಾವಳಿಯಲ್ಲಿ ಮಿರ್ದಾಲ್‌ಸಂದುರ್, ಸ್ಕೈದರಾರ್‌ಸಂದುರ್ ಅಂತ ಮರಳಿನ ದೊಡ್ಡ ಬಯಲುಗಳಿವೆ. ಜೋರು ಗಾಳಿಗೆ ಅಲ್ಲಿನ ಕಪ್ಪು ಮರಳೆದ್ದರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ ಕಾರಿನ ಬಣ್ಣ ಹೋಗುತ್ತದೆ, ಗಾಜು ಮಂಕಾಗುತ್ತದೆ. 2010ರಲ್ಲಿ ಎಯಾಫ್ಯಾಟ್ಲಯೋಕುಲ್ ಜ್ವಾಲಾಮುಖಿ ಸಿಡಿದಾಗ ಯೂರೋಪಿನ ವಿಮಾನಗಳು ನಿಂತಿದ್ದು ನೆನಪಿರಬಹುದು. ಆ ಬೂದಿ ಬಿದ್ದಿದ್ದೂ ಇದೇ ದಕ್ಷಿಣದಲ್ಲಿ. ರಿಂಗ್ ರೋಡ್ ಪೂರ್ತಿ ಸುತ್ತುವವರು ತಗೊಳ್ಳಿ. ಬೇಸಿಗೆಯಲ್ಲಿ ರೇಕ್ಯವಿಕ್ ಸುತ್ತಲೇ ಇರುವವರಿಗೆ ಅಷ್ಟು ಅಗತ್ಯ ಕಾಣುವುದಿಲ್ಲ.

ಕಳ್ಳತನದ ಇನ್ಶೂರೆನ್ಸ್?

ಬಾಡಿಗೆಯಲ್ಲಿ ಸೇರಿದ್ದರೆ ಇರಲಿ. ಅದಕ್ಕೇ ಅಂತ ಬೇರೆ ದುಡ್ಡು ಕೊಡಬೇಡಿ. ಅಲ್ಲಿ ಕಾರು ಕದಿಯುವುದು ತೀರಾ ಅಪರೂಪ.

ಫೋರ್ ವೀಲ್ ಡ್ರೈವ್ ಬೇಕಾ? ಎಫ್ ರೋಡ್ ಅಂದರೇನು?

ಬೇಸಿಗೆಯಲ್ಲಿ ರಿಂಗ್ ರೋಡಿಗೆ ಸಣ್ಣ ಕಾರು ಸಾಕು. ಚಳಿಗಾಲಕ್ಕೆ ಫೋರ್ ವೀಲ್ ತಗೊಳ್ಳಿ, ಹಿಮದಲ್ಲಿ ಜಾರದ ಮೊಳೆ ಟೈರ್ ಇದೆಯಾ ಅಂತ ಕೇಳಿ.

ನಂಬರಿನ ಮುಂದೆ ಎಫ್ ಅಂತ ಇರುವವು ಒಳನಾಡಿನ ಬೆಟ್ಟದ ರಸ್ತೆಗಳು. ಅವು ತೆರೆದಿರುವುದು ಬೇಸಿಗೆಯಲ್ಲಿ ಮಾತ್ರ. ಫೋರ್ ವೀಲ್ ಅಲ್ಲದ ಕಾರನ್ನು ಅಲ್ಲಿ ಓಡಿಸುವುದು ಕಾನೂನುಬಾಹಿರ, ಇನ್ಶೂರೆನ್ಸ್ ಪೂರ್ತಿ ರದ್ದಾಗುತ್ತದೆ. ಫೋರ್ ವೀಲ್ ಇದ್ದರೂ ಕಂಪನಿ ಆ ಕಾರಿಗೆ ಎಫ್ ರೋಡ್ ಅನುಮತಿ ಕೊಟ್ಟಿರಬೇಕು. ಕರಾರಿನಲ್ಲಿ ನೋಡಿ.

ನೀರಿನ ವಿಷಯ ಇನ್ನೂ ಗಂಭೀರ. ಕೆಲವು ಎಫ್ ರೋಡ್‌ಗಳಲ್ಲಿ ಸೇತುವೆ ಇಲ್ಲದ ನದಿ ದಾಟಬೇಕು. ಎಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯ ಪಾಲಿಸಿಗಳು ಒಂದು ಪೈಸೆಯನ್ನೂ ಕೊಡುವುದಿಲ್ಲ. ಕಾರಿನ ತಳಕ್ಕೆ ಆದ ಪೆಟ್ಟೂ ಹೆಚ್ಚಾಗಿ ಹೊರಗೇ. ಥೋರ್ಸ್‌ಮೋರ್ಕ್ ಅನ್ನುವ ಕಣಿವೆಯ ದಾರಿಯ ಕ್ರೋಸ್ಸಾ ನದಿಯಲ್ಲಿ ಬಾಡಿಗೆ ಕಾರುಗಳು ಮುಳುಗುತ್ತಲೇ ಇರುತ್ತವೆ. ಬೆಳಗ್ಗೆ ಮೊಣಕಾಲುದ್ದ ಇದ್ದ ನೀರು ಹಿಮ ಕರಗಿ ಮಧ್ಯಾಹ್ನಕ್ಕೆ ಏರಿರುತ್ತದೆ. ಅಲ್ಲಿಗೆ, ಒಳನಾಡಿನ ಲಾಂದ್‌ಮನ್ನಲೌಗರ್‌ಗೆ ಎತ್ತರದ ಚಕ್ರದ ಬಸ್ಸುಗಳು ಬೇಸಿಗೆಯಲ್ಲಿ ಹೋಗುತ್ತವೆ. ದಯವಿಟ್ಟು ಬಸ್ಸಲ್ಲೇ ಹೋಗಿ.

ಬುಕಿಂಗ್ ಸೈಟಿನಲ್ಲಿ ಕಡಿಮೆ ದರಕ್ಕೆ "ಫುಲ್ ಪ್ರೊಟೆಕ್ಷನ್" ಕೊಡುತ್ತಾರೆ. ತಗೊಂಡರೆ ಸಾಕಾ?

ಇದರಲ್ಲಿ ತುಂಬಾ ಜನ ಎಡವುತ್ತಾರೆ. ಅದು ಕಾರಿನ ಕಂಪನಿ ಕೊಡುವ ಇನ್ಶೂರೆನ್ಸ್ ಅಲ್ಲ. ಮೂರನೆಯವರು ಕೊಡುವುದು. ಹಾನಿಯಾದರೆ ಕಾರಿನ ಕಂಪನಿ ನಿಮ್ಮ ಕಾರ್ಡಿನಿಂದ ಪೂರ್ತಿ ಎಕ್ಸೆಸ್ ಹಿಡಿಯುತ್ತದೆ. ಆಮೇಲೆ ನೀವು ಕರಾರು, ಹಾನಿಯ ವರದಿ, ರಿಪೇರಿ ಬಿಲ್ಲು, ಕಾರ್ಡ್ ಸ್ಟೇಟ್‌ಮೆಂಟ್ ಎಲ್ಲ ಕಳಿಸಿ ಆ ಮೂರನೆಯವರಿಂದ ವಾಪಸ್ ಪಡೆಯಬೇಕು. ಕೌಂಟರಿನಲ್ಲಿ "ನನ್ನ ಹತ್ತಿರ ಫುಲ್ ಇದೆ" ಅಂದರೆ ಅವರು ಒಪ್ಪುವುದಿಲ್ಲ, ದೊಡ್ಡ ಮೊತ್ತದ ಡೆಪಾಸಿಟ್ ಹಿಡಿಯುತ್ತಾರೆ.

ಕೆಟ್ಟ ಪಾಲಿಸಿ ಅಂತ ನಾನು ಹೇಳುತ್ತಿಲ್ಲ. ದರ ಕಡಿಮೆ, ಕೆಲವಲ್ಲಿ ಗಾಜು, ಟೈರು, ಕಾರಿನ ತಳ ಕೂಡ ಬರುತ್ತದೆ. ಆದರೆ ಮೂರು ವಿಷಯ ಖಚಿತ ಮಾಡಿಕೊಳ್ಳಿ. ಭಾರತದಲ್ಲಿ ವಾಸಿಸುವವರಿಗೆ ಆ ಪಾಲಿಸಿ ಸಿಗುತ್ತದಾ? ಹಲವು ಪಾಲಿಸಿಗಳು ಬ್ರಿಟನ್, ಯೂರೋಪಿನ ನಿವಾಸಿಗಳಿಗೆ ಮಾತ್ರ. ಮರಳು, ಗಾಳಿ ಸೇರಿದೆಯಾ? ಮತ್ತು ನಿಮ್ಮ ಕಾರ್ಡಿನಲ್ಲಿ ಎಕ್ಸೆಸ್‌ನಷ್ಟು ಲಿಮಿಟ್ ಇದೆಯಾ? ಕೊನೆಯದು ಇಲ್ಲದಿದ್ದರೆ ಕಾರಿನ ಕಂಪನಿಯದನ್ನೇ ತಗೊಳ್ಳುವುದು ಒಳ್ಳೆಯದು. ನಾವು ಅದನ್ನೇ ಮಾಡಿದ್ದು.

ವೀಸಾಗೆ ಅಂತ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೇವೆ. ಅದು ಕಾರಿಗೆ ಆಗುತ್ತದಾ?

ಇಲ್ಲ. ಷೆಂಗೆನ್ ವೀಸಾಗೆ ಕೇಳುವ 30,000 ಯೂರೋ ಇನ್ಶೂರೆನ್ಸ್ ಆಸ್ಪತ್ರೆ ಖರ್ಚಿಗೆ, ತುರ್ತಾಗಿ ಊರಿಗೆ ಕರೆತರುವುದಕ್ಕೆ. ಕೆಲವು ದುಬಾರಿ ಪಾಲಿಸಿಗಳಲ್ಲಿ ಬಾಡಿಗೆ ಕಾರಿನ ಎಕ್ಸೆಸ್ ಅಂತ ಒಂದು ಸಾಲು ಇರುತ್ತದೆ. ಮಿತಿ ಎಷ್ಟು ಅಂತ ನೋಡಿ.

ಕ್ರೆಡಿಟ್ ಕಾರ್ಡಿನಲ್ಲೇ ಕಾರ್ ಇನ್ಶೂರೆನ್ಸ್ ಬರುತ್ತದೆ ಅಂತ ಅಮೆರಿಕದ ತಮ್ಮ ಹೇಳಿದ.

ಅವನ ಕಾರ್ಡಿನಲ್ಲಿ ಇರಬಹುದು. ಅಮೆರಿಕದ ಹಲವು ಕಾರ್ಡುಗಳಲ್ಲಿ ಆ ಸೌಲಭ್ಯ ಇದೆ. ನಮ್ಮ ಭಾರತದ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಅಮೆರಿಕದಿಂದ ಹೊರಡುವವರಿಗೂ ಒಂದು ಮಾತು. ನಿಮ್ಮ ಮನೆಯ ಕಾರಿನ ಪಾಲಿಸಿ ಸಾಮಾನ್ಯವಾಗಿ ಅಮೆರಿಕ, ಕೆನಡಾ ದಾಟುವುದಿಲ್ಲ. ಕಾರ್ಡಿನ ಸೌಲಭ್ಯಕ್ಕೆ ಕಂಪನಿಯ ಸಿಡಿಡಬ್ಲ್ಯೂ ಬೇಡ ಅನ್ನಬೇಕು ಅಂತ ಷರತ್ತಿರುತ್ತದೆ. ಐಸ್‌ಲ್ಯಾಂಡ್‌ನಲ್ಲಿ ಅದು ಬಾಡಿಗೆಯಲ್ಲೇ ಸೇರಿಬಿಟ್ಟಿರುತ್ತದೆ. ಆಗ ಉಳಿದ ಎಕ್ಸೆಸ್ ಕೊಡುತ್ತಾರಾ, ಜಲ್ಲಿ ರಸ್ತೆಯ ಹಾನಿಗೆ ಕೊಡುತ್ತಾರಾ ಅಂತ ಕಾರ್ಡಿನವರಿಂದ ಬರಹದಲ್ಲಿ ತರಿಸಿಕೊಳ್ಳಿ.

ಡೆಬಿಟ್ ಕಾರ್ಡ್ ನಡೆಯುತ್ತದಾ? ರೂಪಾಯಿಯಲ್ಲಿ ಕೊಡುವುದಾ, ಕ್ರೋನಾದಲ್ಲಾ?

ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು ಅಂತ ಹೆಚ್ಚಿನ ಕಡೆ ಕೇಳುತ್ತಾರೆ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆ ಆನ್ ಮಾಡಿ, ಪಿನ್ ನೆನಪಿಟ್ಟುಕೊಳ್ಳಿ. ಅಲ್ಲಿನ ಪೆಟ್ರೋಲ್ ಬಂಕ್‌ಗಳಲ್ಲಿ ಹುಡುಗರು ಇರುವುದಿಲ್ಲ, ನಾವೇ ಕಾರ್ಡ್ ಹಾಕಿ ತುಂಬಿಸಿಕೊಳ್ಳಬೇಕು. ಪಿನ್ ಇಲ್ಲದೆ ಮಿಷನ್ ಮುಂದೆ ಹೋಗುವುದಿಲ್ಲ. ಬೆನ್ಸಿನ್ ಅಂದರೆ ಪೆಟ್ರೋಲ್. ತಪ್ಪು ಇಂಧನ ತುಂಬಿಸಿದರೆ ಅದೂ ಇನ್ಶೂರೆನ್ಸಿನ ಹೊರಗೆ.

ಮಿಷನ್ನಿನಲ್ಲಿ ರೂಪಾಯಿ ಬೇಕಾ ಕ್ರೋನಾ ಬೇಕಾ ಅಂತ ಕೇಳಿದರೆ ಕ್ರೋನಾ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ವಿನಿಮಯ ದರ, ಸುಮ್ನೆ ನಷ್ಟ. ನಿಮ್ಮ ಬ್ಯಾಂಕಿನ ವಿದೇಶಿ ಶುಲ್ಕ, ಸಾಮಾನ್ಯವಾಗಿ 2ರಿಂದ 3.5 ಶೇಕಡಾ ಮತ್ತು ಅದರ ಮೇಲೆ ಜಿಎಸ್‌ಟಿ, ಇದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ನಮ್ಮ ಲೈಸೆನ್ಸ್ ಸಾಕಾ?

ನಮ್ಮ ಸ್ಮಾರ್ಟ್ ಕಾರ್ಡ್ ಲೈಸೆನ್ಸಿನಲ್ಲಿ ಇಂಗ್ಲಿಷ್ ಅಕ್ಷರ, ಫೋಟೋ, ನಂಬರ್ ಇರುವುದರಿಂದ ಅಲ್ಲಿ ನಡೆಯುತ್ತದೆ. ಆದರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ, ಕೆಲವು ಕಂಪನಿಗಳು ಕೇಳುತ್ತವೆ. ಪರಿವಾಹನ್ ಸೈಟಿನಲ್ಲಿ ಅರ್ಜಿ ಹಾಕಿ ಆರ್‌ಟಿಒದಲ್ಲಿ ಪಡೆಯಬಹುದು. ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಮರೆಯಬೇಡಿ, ಪರ್ಮಿಟ್ ಒಂದೇ ಸಾಲದು. ವಯಸ್ಸು ಸಾಮಾನ್ಯವಾಗಿ ಸಣ್ಣ ಕಾರಿಗೆ 20, ದೊಡ್ಡ ಜೀಪಿಗೆ 23 ಆಗಿರಬೇಕು.

ಕರಾರಿನಲ್ಲಿ ಹೆಸರಿಲ್ಲದವರು ಸ್ಟೀರಿಂಗ್ ಮುಟ್ಟಬಾರದು. "ಹತ್ತು ನಿಮಿಷ ಓಡಿಸು" ಅಂತ ಕೊಟ್ಟಾಗ ಗುದ್ದಿದರೆ ಯಾವ ಇನ್ಶೂರೆನ್ಸೂ ಬರುವುದಿಲ್ಲ.

ಬಾಡಿಗೆ, ಇನ್ಶೂರೆನ್ಸ್ ಬಿಟ್ಟು ಇನ್ನೇನು ಖರ್ಚು ಬರುತ್ತದೆ?

ಅಕುರೇರಿ ಹತ್ತಿರದ ವಾದ್ಲಹೈದಿ ಸುರಂಗಕ್ಕೆ ಟೋಲ್ ಇದೆ, ಆದರೆ ಟೋಲ್ ಗೇಟ್ ಇಲ್ಲ. ಕ್ಯಾಮೆರಾ ನಂಬರ್ ಓದುತ್ತದೆ, ನಾವು ಆನ್‌ಲೈನಿನಲ್ಲಿ ಕಟ್ಟಬೇಕು. ಮರೆತರೆ ಕಂಪನಿ ಅದರ ಮೇಲೆ ತನ್ನ ಶುಲ್ಕ ಸೇರಿಸಿ ಕಾರ್ಡಿನಿಂದ ತೆಗೆದುಕೊಳ್ಳುತ್ತದೆ. ಸ್ಪೀಡ್ ಕ್ಯಾಮೆರಾ ದಂಡ, ಜಲಪಾತಗಳ ಹತ್ತಿರದ ಪಾರ್ಕಿಂಗ್, ಎಲ್ಲದಕ್ಕೂ ಇದೇ ಕಥೆ. ಎಲೆಕ್ಟ್ರಿಕ್ ಕಾರಿಗೆ 2024ರ ಜನವರಿಯಿಂದ ಕಿಲೋಮೀಟರಿಗೆ 6 ಕ್ರೋನಾ ಅಂತ ತೆರಿಗೆ ಶುರುವಾಯಿತು. ನೀವು ಆರಿಸಿದ ಕಾರಿಗೆ ಕಿಲೋಮೀಟರ್ ತೆರಿಗೆ ಬಾಡಿಗೆಯ ಒಳಗಿದೆಯಾ ಹೊರಗಿದೆಯಾ ಅಂತ ಕೇಳಿ.

ಅಪಘಾತ ಆದರೆ?

ಮೊದಲು 112. ಆಮೇಲೆ ಕಂಪನಿಯ ತುರ್ತು ನಂಬರ್. ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಅಪಘಾತದ ಫಾರಂ ಇದೆಯಾ ಅಂತ ಕಾರು ತಗೊಳ್ಳುವಾಗಲೇ ನೋಡಿ. ಇನ್ನೊಂದು ಕಾರು ಇದ್ದರೆ ಇಬ್ಬರೂ ಅದನ್ನು ತುಂಬಿ ಸಹಿ ಹಾಕಬೇಕು. ವರದಿ ಇಲ್ಲದ ಹಾನಿಗೆ ಇನ್ಶೂರೆನ್ಸ್ ಇದ್ದರೂ ಪೂರ್ತಿ ಹಣ ಕೇಳಬಹುದು.

ಕಾರು ತಗೊಳ್ಳುವಾಗ, ವಾಪಸ್ ಕೊಡುವಾಗ ಏನು ನೋಡಬೇಕು?

ಫೋನಿನಲ್ಲಿ ಸುತ್ತಲೂ ನಿಧಾನವಾಗಿ ವಿಡಿಯೋ ಮಾಡಿ. ಮುಂದಿನ ಗಾಜು, ಚಕ್ರದ ರಿಮ್, ಬಂಪರಿನ ಕೆಳಭಾಗ, ಛಾವಣಿ, ಸ್ಟೆಪ್ನಿ ಇದೆಯಾ ಇಲ್ಲವಾ, ಕಿಲೋಮೀಟರ್, ಪೆಟ್ರೋಲ್ ಮುಳ್ಳು. ಮಳೆ ಬರುತ್ತಿದ್ದರೆ ಒಂದು ಬಟ್ಟೆಯಿಂದ ಒರೆಸಿ ನೋಡಿ, ನೀರಿನಡಿ ಗೀರು ಕಾಣುವುದಿಲ್ಲ. ಕಂಡ ಪ್ರತಿ ಗೀರನ್ನೂ ಅವರ ಹಾಳೆಯಲ್ಲಿ ಬರೆಸಿ. ನಮಗೆ ಹಿಂದಿನ ಬಾಗಿಲಿನ ಕೆಳಗೆ ಬೆರಳುದ್ದದ ಗೀರೊಂದು ಸಿಕ್ಕಿತ್ತು, ಬರೆಸಿದ್ದೆವು. ವಾಪಸ್ ಕೊಡುವಾಗ ಅಲ್ಲಿದ್ದವರು ಟಾರ್ಚ್ ಹಿಡಿದು ನೇರ ಅದರ ಮುಂದೆ ಕೂತರು. ಹಾಳೆ ತೋರಿಸಿದೆವು, ಎದ್ದರು.

ಕೊಡುವ ಮುಂಚೆ ಕಾರು ತೊಳೆಯಿರಿ. ಹಲವು ಬಂಕ್‌ಗಳಲ್ಲಿ ನೀರಿನ ಪೈಪು, ಬ್ರಷ್ಷು ಉಚಿತವಾಗಿ ಇರುತ್ತದೆ. ಕೊಟ್ಟ ಮೇಲೆ ಮತ್ತೊಂದು ವಿಡಿಯೋ ಮಾಡಿ, "ಹಾನಿ ಇಲ್ಲ" ಅಥವಾ "ಇಷ್ಟೇ ಹಾನಿ" ಅಂತ ಬರೆದ ಕಾಗದ ತಗೊಳ್ಳಿ. ಡೆಪಾಸಿಟ್ ಬ್ಯಾಂಕಿನಲ್ಲಿ ಬಿಡುಗಡೆಯಾಗಲು ಕೆಲವು ವಾರ ಹಿಡಿಯಬಹುದು. ಅಲ್ಲಿಯವರೆಗೆ ಆ ಕಾಗದ, ವಿಡಿಯೋ ಎರಡನ್ನೂ ಅಳಿಸಬೇಡಿ.